ಪಾಮ್ ಬೀಜಕ್ಕೂ ಸವಕಳಿ ಇದೆ

ನಮ್ಮ ಕಾಲೇಜಿನ ಗೇಟಿನಿಂದ ಆಫೀಸಿನ ಮೆಟ್ಟಿಲವರೆಗೆ ಎರಡು ಸಾಲು ಮರಗಳಿವೆ. ಹೆಸರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ‘ಶೋ ಗಿಡ’ ಎನ್ನುತ್ತಾರೆ. ಅವು ಫಾಕ್ಸ್‌ಟೇಲ್ ಪಾಮ್. ಗರಿಯ ದಿಂಡಿನ ಸುತ್ತ ಎಲ್ಲ ದಿಕ್ಕಿಗೂ ಎಲೆಗಳು ದಟ್ಟವಾಗಿ ಹರಡಿ ನರಿಯ ಬಾಲದಂತೆ ಕಾಣುವುದರಿಂದ ಆ ಹೆಸರು ಬಂದಿದೆ. ಗೊನೆ ಹಣ್ಣಾದಾಗ ಕಿತ್ತಳೆಗೆಂಪು ಕಾಯಿಗಳು ನೆಲಕ್ಕೆ ಬೀಳುತ್ತವೆ. ನಾವು ಅವನ್ನು ತುಳಿದು ಹೋಗುತ್ತೇವೆ, ಉಳಿದದ್ದು ಕಸದ ಗಾಡಿಗೆ ಹೋಗುತ್ತದೆ. ಒಂದೊಂದು ಹಣ್ಣಿನೊಳಗೂ ಒಂದು ಮರವಾಗಬಲ್ಲ ಬೀಜವಿದೆ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಸಸ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಕಳೆದ ಹದಿನಾಲ್ಕು ತಿಂಗಳಿಂದ ನಮ್ಮ ಮನೆಯ ತಾರಸಿಯ ಮೇಲೆ ಅಮ್ಮಿ ಮತ್ತು ನಾನು ಪಾಮ್ ಗಿಡಗಳನ್ನು ಬೀಜದಿಂದ ಬೆಳೆಸುತ್ತಿದ್ದೇವೆ. ದಿನಾಂಕ, ಸಂಖ್ಯೆ, ಖರ್ಚು ಎಲ್ಲವನ್ನೂ ಒಂದು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅದರಿಂದ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ತಾಳೆ ಕುಟುಂಬದ ವಿಶೇಷ

ತೆಂಗು, ಅಡಿಕೆ, ಈಚಲು, ಖರ್ಜೂರ, ತಾಳೆ, ಬಗನಿ ಇವೆಲ್ಲ ಒಂದೇ ಕುಟುಂಬದವು. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 2,600 ಜಾತಿಗಳಿವೆ. ಇವು ಏಕದಳ ಸಸ್ಯಗಳು, ಅಂದರೆ ಭತ್ತ ಮತ್ತು ಬಿದಿರಿನ ದೂರದ ಬಂಧುಗಳು.

ಗುಲಾಬಿಯ ಕಡ್ಡಿ ನೆಟ್ಟರೆ ಗಿಡವಾಗುತ್ತದೆ. ಮಾವಿಗೆ ಕಸಿ ಕಟ್ಟಬಹುದು. ಅಡಿಕೆ ಮರದ ತುಂಡನ್ನು ನೆಟ್ಟರೆ ಏನೂ ಆಗುವುದಿಲ್ಲ, ಕಸಿಯೂ ಕೂಡುವುದಿಲ್ಲ. ಹೆಚ್ಚಿನ ಪಾಮ್ ಮರಗಳಲ್ಲಿ ಬೆಳೆಯುವ ಜಾಗ ಒಂದೇ ಒಂದು, ನೆತ್ತಿಯ ಸುಳಿ. ಸುಳಿ ಕೊಳೆತರೆ ಮರ ಸತ್ತಂತೆ. ಖರ್ಜೂರ ಬುಡದಲ್ಲಿ ಮರಿ ಬಿಡುತ್ತದೆ. ನರ್ಸರಿಯಲ್ಲಿ ‘ಅರೆಕಾ ಪಾಮ್’ ಎಂದು ಮಾರುವ ಹಳದಿ ಕಾಂಡದ ಗಿಡವೂ ಪೊದೆಯಾಗಿ ಒಡೆಯುತ್ತದೆ. (ಹೆಸರು ಕೇಳಿ ಅದನ್ನು ಅಡಿಕೆ ಎಂದುಕೊಳ್ಳಬೇಡಿ. ಅದು ಮಡಗಾಸ್ಕರ್ ದ್ವೀಪದ ಬೇರೆಯೇ ಜಾತಿ.) ಇಂಥ ಕೆಲವನ್ನು ಬಿಟ್ಟರೆ ಮನೆಯಲ್ಲಿ ಪಾಮ್ ಬೆಳೆಸಲು ನಮಗಿರುವ ದಾರಿ ಬೀಜ ಮಾತ್ರ. ಹಾಗಾಗಿ ಬೀಜ ಹೇಗಿದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಒಂದು ಮರ, ಒಂದು ಮಾರುಕಟ್ಟೆ

ಫಾಕ್ಸ್‌ಟೇಲ್ ಪಾಮ್‌ನ ಕಥೆ ನಮ್ಮ ಅರ್ಥಶಾಸ್ತ್ರದ ಪಾಠಕ್ಕೂ ಹೊಂದುತ್ತದೆ. ಈ ಮರದ ಊರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರ ತುದಿಯಲ್ಲಿರುವ ಕೇಪ್ ಮೆಲ್ವಿಲ್ ಎಂಬ ಬಂಡೆಗಳ ಪ್ರದೇಶ. ಬೇರೆಲ್ಲೂ ಅದು ಕಾಡಿನಲ್ಲಿ ಬೆಳೆಯುವುದಿಲ್ಲ. ಅಲ್ಲಿನ ಮೂಲನಿವಾಸಿಗಳಿಗೆ ಗೊತ್ತಿದ್ದ ಈ ಮರ ಸಸ್ಯವಿಜ್ಞಾನಿಗಳ ಗಮನಕ್ಕೆ ಬಂದದ್ದು 1978ರಲ್ಲಿ. 1983ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟರು: ವೊಡ್ಯೇಟಿಯಾ ಬೈಫರ್ಕೇಟಾ. ವೊಡ್ಯೇಟಿ ಎಂಬುದು ಆ ಮರದ ಬಗ್ಗೆ ಬಲ್ಲ ಒಬ್ಬ ಮೂಲನಿವಾಸಿ ಹಿರಿಯರ ಹೆಸರು.

ಮರ ಚೆಂದ, ಬೆಳೆಸುವುದು ಸುಲಭ, ಬೀಜ ಸಿಗುವುದು ಒಂದೇ ಕಡೆ. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ. ಕೇಪ್ ಮೆಲ್ವಿಲ್‌ನ ಕಾಡಿನಿಂದ ಬೀಜಗಳ ಕಳ್ಳಸಾಗಣೆಯೂ ನಡೆಯಿತು. ಮುಂದೆ ಬೇರೆ ದೇಶಗಳಲ್ಲಿ ನೆಟ್ಟ ಮರಗಳೇ ಗೊನೆ ಬಿಡತೊಡಗಿದವು. ಬೀಜ ಎಲ್ಲೆಡೆ ಸಿಗುವಂತಾಗಿ ಆ ಅಪರೂಪ ಹೋಯಿತು. ಕಾಡಿನಿಂದ ಕದಿಯುತ್ತಿದ್ದ ಬೀಜವನ್ನು ನಾವಿಂದು ನಮ್ಮ ಅಂಗಳದಲ್ಲಿ ಗುಡಿಸಿ ಹಾಕುತ್ತಿದ್ದೇವೆ.

ಕೈಯ ತಪ್ಪೋ, ಬೀಜದ ತಪ್ಪೋ?

ಅಬ್ಬಾ ಕೆಲಸ ಮಾಡುತ್ತಿದ್ದ ಗ್ಯಾರೇಜ್ ಮುಚ್ಚಿದ ವರ್ಷ ಅಮ್ಮಿ ತಾರಸಿಯಲ್ಲಿ ಗಿಡ ಬೆಳೆಸಿ ಮಾರುವ ಯೋಚನೆ ಮಾಡಿದರು. ಒಬ್ಬ ವ್ಯಾಪಾರಿಯಿಂದ 20 ಪಾಮ್ ಬೀಜಗಳ ಪ್ಯಾಕೆಟ್ ತರಿಸಿದರು. ಬೆಲೆ 300 ರೂಪಾಯಿ. ನಮಗೆ ಅದು ಒಂದು ವಾರದ ಹಾಲಿನ ದುಡ್ಡು. ಹೇಳಿದ ಹಾಗೆಯೇ ಬಿತ್ತಿದರು, ನೀರು ಹಾಕಿದರು, ಐದು ತಿಂಗಳು ಕಾದರು. ಒಂದೂ ಹುಟ್ಟಲಿಲ್ಲ. “ಮೇರೆ ಹಾಥ್ ಮೇ ಬರಕತ್ ನೈ” ಎಂದರು ಅಮ್ಮಿ. ತಮ್ಮ ಕೈಗೇ ಬರಕತ್ ಇಲ್ಲ ಎಂದು ನಂಬಿ, ಕುಂಡಗಳನ್ನು ಮೂಲೆಗೆ ಸರಿಸಿಬಿಟ್ಟರು.

ಕಾರಣ ಕೈಯಲ್ಲಿರಲಿಲ್ಲ. ಅದನ್ನು ತಿಳಿಯಲು ಎರಡು ಬಗೆಯ ಬೀಜಗಳನ್ನು ಹೋಲಿಸಬೇಕು.

ಮೊದಲನೆಯದು ಖರ್ಜೂರ. ರಮಜಾನಿನಲ್ಲಿ ನಮ್ಮ ಮನೆಗಳಲ್ಲಿ ಖರ್ಜೂರದ ಬೀಜಗಳಿಗೆ ಬರವಿಲ್ಲ. ಒಂದು ಬೀಜವನ್ನು ತೊಳೆದು ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ನೆಟ್ಟರೂ ಅದು ಮೊಳೆಯುತ್ತದೆ. ಮರುಭೂಮಿಯ ಮರ ಅದು. ಒಣಗಿ ಕಾಯುವುದು ಅದರ ಬೀಜದ ಸ್ವಭಾವ. ಇಸ್ರೇಲಿನ ಮಸಾದಾ ಕೋಟೆಯ ಅವಶೇಷದಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವೊಂದನ್ನು 2005ರಲ್ಲಿ ನೆಟ್ಟಾಗ ಅದು ಮೊಳೆತು ಮರವಾಯಿತು.

ಎರಡನೆಯದು ಅಡಿಕೆ. ಇದು ಮಳೆಯ ನಾಡಿನ ಮರ. ಹಣ್ಣು ಬಿದ್ದಾಗ ನೆಲ ತೇವವಾಗಿರುತ್ತದೆ, ಸೆಕೆಯೂ ಇರುತ್ತದೆ. ಬೀಜಕ್ಕೆ ಕಾಯುವ ಅಗತ್ಯವೇ ಬಂದಿಲ್ಲ. ಅದರೊಳಗಿನ ಭ್ರೂಣ ತೇವವಾಗಿಯೇ ಬದುಕುತ್ತದೆ, ಒಣಗಿದರೆ ಸಾಯುತ್ತದೆ. ತೆಂಗೂ ಹೀಗೆಯೇ. ಉಷ್ಣವಲಯದ ಹಲವು ಪಾಮ್‌ಗಳ ಬೀಜ ಕೆಲವೇ ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನು ಕೆಲವು ತೇವ ಕಾಯ್ದರೆ ತಿಂಗಳುಗಟ್ಟಲೆ ತಡೆಯುತ್ತವೆ. ಹೊರಗಿನಿಂದ ನೋಡಿದರೆ ಸತ್ತ ಬೀಜವೂ ಬದುಕಿದ ಬೀಜವೂ ಒಂದೇ ಥರ ಗಟ್ಟಿಯಾಗಿರುತ್ತವೆ.

ಪ್ರಥಮ ಪಿಯುಸಿಯಲ್ಲಿ ನಾವು ಸವಕಳಿ ಓದಿದ್ದೇವೆ. ಯಂತ್ರ ಕೊಂಡ ದಿನದಿಂದ ಅದರ ಬೆಲೆ ಇಳಿಯುತ್ತ ಹೋಗುತ್ತದೆ. ಪಾಮ್ ಬೀಜಕ್ಕೆ ಮರದಿಂದ ಬಿದ್ದ ದಿನವೇ ಸವಕಳಿ ಶುರು. ಒಂದೇ ವ್ಯತ್ಯಾಸ: ಯಂತ್ರಕ್ಕೆ ಕೊನೆಯಲ್ಲಿ ಗುಜರಿ ಬೆಲೆ ಇರುತ್ತದೆ, ಒಣಗಿದ ಅಡಿಕೆ ಬೀಜಕ್ಕೆ ಮೊಳಕೆಯ ಲೆಕ್ಕದಲ್ಲಿ ಉಳಿಯುವುದು ಸೊನ್ನೆ.

ಇದನ್ನು ಅಮ್ಮಿಗೆ ಬಾಯಲ್ಲಿ ಹೇಳಿದರೆ ಸಾಲದೆಂದು ಒಂದು ಸಣ್ಣ ಪರೀಕ್ಷೆ ಮಾಡಿದೆವು. ತೀರ್ಥಹಳ್ಳಿ ಕಡೆಯ ಸಹಪಾಠಿಯೊಬ್ಬರ ತೋಟದಿಂದ ಒಂದೇ ಮರದ 20 ಹಣ್ಣಡಿಕೆ ತಂದೆವು. ಹತ್ತನ್ನು ಮರುದಿನವೇ ಮರಳಿನಲ್ಲಿ ಇಟ್ಟೆವು. ಉಳಿದ ಹತ್ತನ್ನು ತಾರಸಿಯ ಬಿಸಿಲಿನಲ್ಲಿ ನಾಲ್ಕು ವಾರ ಒಣಗಿಸಿ ಆಮೇಲೆ ಇಟ್ಟೆವು. ಮೊದಲ ಸಾಲಿನಲ್ಲಿ ಒಂಬತ್ತು ಹುಟ್ಟಿದವು. ಎರಡನೆಯ ಸಾಲಿನಲ್ಲಿ ಒಂದೂ ಇಲ್ಲ. ಮರಳು ಒಂದೇ, ನೀರು ಒಂದೇ, ಎರಡೂ ಸಾಲು ಬಿತ್ತಿದ್ದು ಅಮ್ಮಿಯ ಕೈಯೇ. ಅಂದಿನಿಂದ ಅಮ್ಮಿ ಬರಕತ್ತಿನ ಮಾತು ಬಿಟ್ಟು “ಹಣ್ಣು ಯಾವಾಗ ಬಿದ್ದದ್ದು?” ಎಂದು ಕೇಳುತ್ತಾರೆ.

ಬೆಳೆಸುವ ಕ್ರಮ

ಕೆಳಗಿನ ಕ್ರಮ ಫಾಕ್ಸ್‌ಟೇಲ್ ಪಾಮ್‌ನದು. ಇದೇ ರೀತಿಯಲ್ಲಿ ಹೆಚ್ಚಿನ ಅಲಂಕಾರಿಕ ಪಾಮ್‌ಗಳನ್ನು ಬೆಳೆಸಬಹುದು.

1. ಹಣ್ಣು ಆಯುವುದು: ಪೂರ್ತಿ ಬಣ್ಣ ಬಂದ, ಹೊಸದಾಗಿ ಬಿದ್ದ ಹಣ್ಣನ್ನೇ ಆಯಿರಿ. ಹಸಿರು ಕಾಯಿ ಬೇಡ, ಮರದ ಕೆಳಗೆ ಬಹುದಿನ ಬಿದ್ದು ಸುಕ್ಕಾದದ್ದೂ ಬೇಡ. ನಮ್ಮ ಕಾಲೇಜಿನಲ್ಲಾದರೆ ತೋಟ ನೋಡಿಕೊಳ್ಳುವ ಚಾಚಾ ಅವರನ್ನು ಕೇಳಿದರೆ ಗೊನೆ ಬೀಳುವ ದಿನ ಹೇಳುತ್ತಾರೆ.

2. ತಿರುಳು ತೆಗೆಯುವುದು: ಹಣ್ಣನ್ನು ಎರಡು ಮೂರು ದಿನ ನೀರಿನಲ್ಲಿಟ್ಟರೆ ಸಿಪ್ಪೆ ಮೆತ್ತಗಾಗುತ್ತದೆ. ಗೋಣಿಚೀಲದ ಮೇಲೆ ಉಜ್ಜಿ ತೊಳೆಯಿರಿ. ಒಳಗೆ ಕವಲೊಡೆದ ಕಪ್ಪು ನಾರಿನ ಹೊದಿಕೆಯ ಬೀಜ ಸಿಗುತ್ತದೆ. ತಿರುಳು ಉಳಿದರೆ ಬೂಸ್ಟು ಹಿಡಿಯುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಹಲವು ಪಾಮ್ ಹಣ್ಣುಗಳ ತಿರುಳಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಬಗನಿ ಹಣ್ಣನ್ನಂತೂ ಬರಿಗೈಯಲ್ಲಿ ಮುಟ್ಟಲೇಬಾರದು, ವಿಪರೀತ ತುರಿಕೆ.

3. ನೆನೆಸುವುದು: ತೊಳೆದ ಬೀಜವನ್ನು ಎರಡು ದಿನ ನೀರಿನಲ್ಲಿಡಿ. ದಿನಕ್ಕೊಮ್ಮೆ ನೀರು ಬದಲಿಸಿ. ಮುಳುಗಿದವು ಸಾಮಾನ್ಯವಾಗಿ ಒಳ್ಳೆಯವು, ತೇಲಿದವನ್ನು ಬೇರೆ ಇಡಿ. (ತೆಂಗಿಗೆ ಈ ಪರೀಕ್ಷೆ ಸಲ್ಲದು. ಅದು ತೇಲಲೆಂದೇ ಹುಟ್ಟಿದ ಕಾಯಿ.)

4. ಮಣ್ಣು: ಅರ್ಧ ಕೋಕೋಪೀಟ್, ಅರ್ಧ ತೊಳೆದ ಮರಳು. ಬರೀ ಜೇಡಿಮಣ್ಣು ಬೇಡ, ನೀರು ನಿಂತು ಕೊಳೆಯುತ್ತದೆ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು.

5. ಬಿತ್ತುವುದು: ಟ್ರೇ ಅಥವಾ ಹಳೆಯ ಟಬ್ಬಿನ ತಳಕ್ಕೆ ತೂತು ಮಾಡಿ, ಬೀಜಗಳನ್ನು ಮಲಗಿಸಿ, ಬೀಜ ಕಾಣದಷ್ಟು ಮಾತ್ರ ಮೇಲೆ ಹರಡಿ. ಆಳವಾಗಿ ಹೂಳಬೇಡಿ. ಜಾಗ ಇಲ್ಲದವರು ತೇವದ ಕೋಕೋಪೀಟ್ ತುಂಬಿದ ಜಿಪ್ ಕವರಿನಲ್ಲೇ ಬೀಜ ಇಟ್ಟು, ವಾರಕ್ಕೊಮ್ಮೆ ತೆರೆದು ನೋಡಬಹುದು.

6. ಬಿಸಿ: ಇದು ಬಹಳ ಮುಖ್ಯ. ಉಷ್ಣವಲಯದ ಪಾಮ್ ಬೀಜಗಳು 30ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಮೊಳೆಯುತ್ತವೆ. ತಂಪಾದರೆ ಸಾಯದೆ ಸುಮ್ಮನೆ ಕೂರುತ್ತವೆ. ನಮ್ಮ ಟ್ರೇ ಇದ್ದದ್ದು ಸಿಂಟೆಕ್ಸ್ ಟ್ಯಾಂಕಿನ ಬದಿಯ ನೆರಳಿನಲ್ಲಿ. ಜಿಪ್ ಕವರನ್ನು ನೇರ ಬಿಸಿಲಿನಲ್ಲಿ ಇಟ್ಟರೆ ಬೀಜ ಬೆಂದುಹೋಗುತ್ತದೆ.

7. ಕವರಿಗೆ ಬದಲಿಸುವುದು: ಮೊಳಕೆ ಒಂದೆರಡು ಇಂಚು ಬಂದಾಗ ಉದ್ದನೆಯ ನರ್ಸರಿ ಕವರಿಗೆ ಹಾಕಿ. ಪಾಮ್ ಬೇರು ಮೊದಲು ಕೆಳಕ್ಕೆ ಇಳಿಯುವುದರಿಂದ ಅಗಲಕ್ಕಿಂತ ಆಳ ಮುಖ್ಯ. ಮೊದಲ ವರ್ಷ ಹಸಿರು ನೆಟ್‌ನ ನೆರಳು ಕೊಡಿ.

ಅಡಿಕೆಗೆ ಎರಡು ವ್ಯತ್ಯಾಸಗಳಿವೆ. ಅದರ ಸಿಪ್ಪೆ ಸುಲಿಯಬಾರದು, ಇಡೀ ಹಣ್ಣನ್ನೇ ತೊಟ್ಟು ಮೇಲೆ ಬರುವಂತೆ ಮರಳಿನಲ್ಲಿ ನಿಲ್ಲಿಸಬೇಕು. ಹತ್ತು ವರ್ಷ ದಾಟಿದ ಒಳ್ಳೆಯ ಮರದ, 35 ಗ್ರಾಮಿಗಿಂತ ಹೆಚ್ಚು ತೂಗುವ ಹಣ್ಣನ್ನು ಆರಿಸಬೇಕು. ನಮ್ಮ ಮಲೆನಾಡಿನ ತೋಟದವರಿಗೆ ಇದೆಲ್ಲ ಮನೆಪಾಠ.

ಮೊಳಕೆ ಬಂದ ಮೇಲೆ

ಪಾಮ್ ಬೀಜ ಮೊಳೆಯುವುದು ಮುಖ್ಯವಾಗಿ ಎರಡು ರೀತಿ. ಅಡಿಕೆ, ತೆಂಗು, ಫಾಕ್ಸ್‌ಟೇಲ್‌ಗಳಲ್ಲಿ ಚಿಗುರು ಬೀಜದ ಪಕ್ಕದಲ್ಲೇ ಏಳುತ್ತದೆ. ಖರ್ಜೂರ ಮತ್ತು ತಾಳೆಯಲ್ಲಿ ಬೀಜದಿಂದ ಬಿಳಿ ಕೊಳವೆಯೊಂದು ಹೊರಟು ಮಣ್ಣಿನೊಳಕ್ಕೆ ಇಳಿಯುತ್ತದೆ. ಅದು ಬೇರಲ್ಲ. ಅದರ ತುದಿಯಿಂದ ಬೇರು ಕೆಳಕ್ಕೆ, ಎಲೆ ಮೇಲಕ್ಕೆ ಬರುತ್ತದೆ. ಹಾಗಾಗಿ ಖರ್ಜೂರದ ಗಿಡ ಬೀಜದಿಂದ ಸ್ವಲ್ಪ ದೂರದಲ್ಲಿ ಕಾಣಿಸುತ್ತದೆ.

ಎರಡರಲ್ಲೂ ಒಂದು ನಿಯಮ: ಗಿಡಕ್ಕೆ ಅಂಟಿದ ಬೀಜವನ್ನು ಕೀಳಬೇಡಿ. ಎಲೆ ಬಂದ ಮೇಲೂ ತಿಂಗಳುಗಟ್ಟಲೆ ಗಿಡ ಬೀಜದಲ್ಲಿರುವ ಆಹಾರವನ್ನೇ ಹೀರುತ್ತದೆ. ಹೀರುವ ಭಾಗದ ಹೆಸರು ಹಾಸ್ಟೋರಿಯಂ. ನೀವು ಅದನ್ನು ತಿಂದಿರಲೂಬಹುದು. ಮೊಳೆತ ತೆಂಗಿನಕಾಯಿ ಒಡೆದಾಗ ಒಳಗೆ ಸಿಗುವ ಸಿಹಿಯಾದ, ಸ್ಪಂಜಿನಂಥ ಉಂಡೆ ಅದೇ.

ಮುಂದಿನದು ಸಬ್ರ್, ತಾಳ್ಮೆ. ಪಾಮ್ ಕಾಂಡ ಬೇವಿನ ಮರದಂತೆ ವರ್ಷ ವರ್ಷ ದಪ್ಪವಾಗುತ್ತ ಹೋಗುವುದಿಲ್ಲ. ಮೊದಲು ನೆಲಮಟ್ಟದಲ್ಲಿ ಬುಡ ಬೇಕಾದಷ್ಟು ಅಗಲವಾಗುತ್ತದೆ, ಆಮೇಲಷ್ಟೇ ಕಾಂಡ ಏಳುತ್ತದೆ. ಅದುವರೆಗೆ ಗಿಡ ಹುಲ್ಲಿನ ಗುಡ್ಡೆಯಂತೆ ಕಾಣುತ್ತದೆ. ಬೆಳೆಯುತ್ತಿಲ್ಲ ಎಂದು ಕಿತ್ತೆಸೆಯುವವರು ಇರುವುದು ಈ ಕಾಲದಲ್ಲೇ.

ಕಾಯುವ ವಿಷಯದಲ್ಲಿ ಎಲ್ಲವನ್ನೂ ಮೀರಿಸಿದ್ದು ಸೇಶೆಲ್ಸ್ ದ್ವೀಪಗಳ ಜೋಡಿ ತೆಂಗು. ಜಗತ್ತಿನ ಅತಿ ದೊಡ್ಡ ಬೀಜ ಅದರದು, 25 ಕಿಲೋವರೆಗೂ ತೂಗುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ‘ದರಿಯಾಯಿ ನಾರಿಯಲ್’ ಎನ್ನುವುದು ಇದನ್ನೇ. ಫಕೀರರ ಕೈಯಲ್ಲಿರುತ್ತಿದ್ದ ಕಪ್ಪು ಕಶ್ಕೋಲ್ ಪಾತ್ರೆಗಳನ್ನು ಇದರ ಚಿಪ್ಪಿನಿಂದ ಮಾಡುತ್ತಿದ್ದರು. ಕೋಲ್ಕತ್ತಾ ಬಳಿಯ ಶಿಬ್‌ಪುರದ ಸಸ್ಯೋದ್ಯಾನದಲ್ಲಿ 1894ರಲ್ಲಿ ನೆಟ್ಟ ಜೋಡಿ ತೆಂಗು ಫಲ ಕೊಡುವ ಹೊತ್ತಿಗೆ ಒಂದು ಶತಮಾನವೇ ಕಳೆದಿತ್ತು. ಅದರ ಮುಂದೆ ನಮ್ಮ ಎರಡು ಮೂರು ತಿಂಗಳು ಏನೂ ಅಲ್ಲ.

ಅಜ್ವಾ ಬೀಜದಿಂದ ಅಜ್ವಾ ಬರುತ್ತದೆಯೇ?

ಈ ಲೇಖನ ಬರೆಯುತ್ತೇನೆಂದಾಗ ಗೆಳೆಯರು ಹೆಚ್ಚು ಕೇಳಿದ ಪ್ರಶ್ನೆ ಇದು. ಬರುವುದಿಲ್ಲ. ಖರ್ಜೂರದಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಹುಟ್ಟಿದವುಗಳಲ್ಲಿ ಸುಮಾರು ಅರ್ಧ ಗಂಡಾಗಿರುತ್ತವೆ, ಅವು ಹಣ್ಣು ಬಿಡುವುದಿಲ್ಲ. ಹೆಣ್ಣು ಮರದ ಹಣ್ಣೂ ತಾಯಿಯ ಹಣ್ಣಿನಂತೆ ಇರಬೇಕೆಂದಿಲ್ಲ. ಹೂ ಬರುವವರೆಗೆ ಗಂಡೋ ಹೆಣ್ಣೋ ಎಂಬುದು ನೋಡಿದರೆ ತಿಳಿಯದು, ಹೂವಿಗೆ ಹಲವು ವರ್ಷ ಬೇಕು. ಆದ್ದರಿಂದಲೇ ಖರ್ಜೂರದ ತೋಟಗಳಲ್ಲಿ ಬುಡದ ಮರಿಗಳನ್ನೋ ಅಂಗಾಂಶ ಕೃಷಿಯ ಗಿಡಗಳನ್ನೋ ನೆಡುತ್ತಾರೆ. ಜೊತೆಗೆ ಹಣ್ಣು ಮಾಗುವಾಗ ಒಣ ಬಿಸಿಲು ಬೇಕು. ಗುಜರಾತಿನ ಕಛ್‌ನಲ್ಲೇ ಮಳೆಗೆ ಮೊದಲು ಅರೆಮಾಗಿದ ಹಣ್ಣನ್ನು ಕೊಯ್ದುಬಿಡುತ್ತಾರೆ. ನಮ್ಮ ಶಿವಮೊಗ್ಗದ ಮಳೆಯಲ್ಲಿ ಕೇಳುವುದೇ ಬೇಡ. ಮೊಳಕೆ ಬರುವುದನ್ನು ಕಲಿಯಲು ಖರ್ಜೂರ ಒಳ್ಳೆಯ ಬೀಜ. ಹಣ್ಣಿನ ಆಸೆಯಿಂದ ನೆಡಬೇಡಿ.

ನಮ್ಮ ಲೆಕ್ಕ

ಕಳೆದ ವರ್ಷದ ದಸರಾ ರಜೆಯಲ್ಲಿ ಆಯ್ದ ಫಾಕ್ಸ್‌ಟೇಲ್ ಬೀಜಗಳು 50. ತೇಲಿದ 6 ಬಿಟ್ಟು ಬಿತ್ತಿದ್ದು 44. ಮೊದಲ ಮೊಳಕೆ ಬಂದದ್ದು 58ನೇ ದಿನ, ಕೊನೆಯದು 171ನೇ ದಿನ. ಒಟ್ಟು ಹುಟ್ಟಿದ್ದು 31. ಚಳಿಗಾಲದಲ್ಲಿ ಹೆಚ್ಚುಕಡಿಮೆ ನಿಂತೇ ಹೋಗಿದ್ದವು, ಮಾರ್ಚಿನ ಸೆಕೆ ಬಂದ ಮೇಲೆ ಸಾಲಾಗಿ ಎದ್ದವು. ಸತ್ತದ್ದು 4: ಎರಡನ್ನು ಇಲಿ ಕಡಿಯಿತು, ಒಂದು ಕೊಳೆಯಿತು, ಒಂದರ ಬೀಜವನ್ನು ನನ್ನ ತಮ್ಮ ಕಿತ್ತು ನೋಡಿದ. ಇಂದು ಬದುಕಿರುವುದು 27.

ಖರ್ಚು: ಕೋಕೋಪೀಟ್ 60, ಕವರು 50, ನೆಟ್ 120, ಒಟ್ಟು 230 ರೂಪಾಯಿ. ಮರಳು ಪಕ್ಕದಲ್ಲಿ ಮನೆ ಕಟ್ಟುವವರನ್ನು ಕೇಳಿ ತಂದದ್ದು. ಇದನ್ನು 50ರಿಂದ ಭಾಗಿಸಿದರೆ ಒಂದಕ್ಕೆ 4 ರೂಪಾಯಿ 60 ಪೈಸೆ ಬರುತ್ತದೆ. ಆದರೆ ಆ ಲೆಕ್ಕ ಸರಿಯಲ್ಲ. ಹುಟ್ಟದ ಮತ್ತು ಸತ್ತ ಬೀಜಗಳ ಖರ್ಚನ್ನೂ ಬದುಕಿದ ಗಿಡಗಳೇ ಹೊರಬೇಕು. 27ರಿಂದ ಭಾಗಿಸಿದರೆ ಒಂದು ಗಿಡಕ್ಕೆ 8 ರೂಪಾಯಿ 52 ಪೈಸೆ. ಇದರಲ್ಲಿ ಅಮ್ಮಿಯ ದಿನದ ಅರ್ಧ ಗಂಟೆಯ ದುಡಿಮೆ ಸೇರಿಲ್ಲ. ಅದಕ್ಕೆ ನಮ್ಮ ಪುಸ್ತಕದಲ್ಲಿ ಕಾಲಮ್ಮೇ ಇಲ್ಲದಿರುವುದು ನನಗೆ ಈಗ ಕೊರತೆಯಾಗಿ ಕಾಣುತ್ತಿದೆ.

ಗಿಡದ ಖರ್ಚು ಕಡಿಮೆ, ಆದರೆ ಕಾಲ ಹೆಚ್ಚು. ಮಾರುವಷ್ಟು ಎತ್ತರಕ್ಕೆ ಫಾಕ್ಸ್‌ಟೇಲ್ ಬರಲು ಇನ್ನೂ ಎರಡು ವರ್ಷವಾದರೂ ಬೇಕು. ಅಷ್ಟು ದಿನ ಹಣ ಕಟ್ಟಿಹಾಕಿದಂತೆ. ಮನೆ ನಡೆಯಬೇಕಾದವರು ಅದೊಂದನ್ನೇ ನಂಬುವಂತಿಲ್ಲ. ಹಾಗಾಗಿ ಮನೆಯವರೆಲ್ಲ ಕೂತು ಒಂದು ತೀರ್ಮಾನಕ್ಕೆ ಬಂದೆವು. ತಾರಸಿಯ ಮುಕ್ಕಾಲು ಭಾಗದಲ್ಲಿ ಅಡಿಕೆ ಸಸಿ. ಅವು 12ರಿಂದ 18 ತಿಂಗಳಿಗೆ ತೋಟಕ್ಕೆ ನೆಡಲು ಬರುತ್ತವೆ, ನಮ್ಮ ಜಿಲ್ಲೆಯಲ್ಲಿ ಕೊಳ್ಳುವವರಿದ್ದಾರೆ. ಉಳಿದ ಕಾಲು ಭಾಗ ಫಾಕ್ಸ್‌ಟೇಲ್‌ಗೆ. ಮೊದಲನೆಯದು ನಡೆಯುವ ಬಂಡವಾಳ, ಎರಡನೆಯದು ದೀರ್ಘಾವಧಿಯ ಠೇವಣಿ. ಮೂಲೆಗೆ ಸರಿದಿದ್ದ ಕುಂಡಗಳೂ ಈಗ ಕೆಲಸದಲ್ಲಿವೆ.

ನೆನಪಿಡಬೇಕಾದ ಅಂಶಗಳು

• ಬೀಜ ಕೊಳ್ಳುವಾಗ ಬೆಲೆಗಿಂತ ಮೊದಲು ಕೊಯ್ದ ದಿನ ಕೇಳಿ. ಹೇಳಲಾಗದವರಿಂದ ಕೊಳ್ಳಬೇಡಿ.
• ಖರ್ಜೂರ ಕಾಯುತ್ತದೆ, ಅಡಿಕೆ ಕಾಯುವುದಿಲ್ಲ.
• ತೇವ ಇರಲಿ, ಕೆಸರು ಬೇಡ. ಬಿಸಿ ಇರಲಿ, ಸುಡುಬಿಸಿಲು ಬೇಡ.
• ಆರು ತಿಂಗಳಾಗುವ ಮೊದಲು ಟ್ರೇ ಎಸೆಯಬೇಡಿ.
• ಪ್ರತಿ ಕವರಿನ ಮೇಲೂ ದಿನಾಂಕ ಬರೆಯಿರಿ.

ನೀವೂ ಮಾಡಿ ನೋಡಿ

ಒಂದೇ ಮರದ ಹತ್ತು ಹಣ್ಣಡಿಕೆ ತೆಗೆದುಕೊಳ್ಳಿ. ಐದನ್ನು ಅಂದೇ ಬಿತ್ತಿ. ಐದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿ ಮೂರು ವಾರ ಇಟ್ಟು ಆಮೇಲೆ ಬಿತ್ತಿ. ನಾವು ಬಿಸಿಲಿನಲ್ಲಿ ಒಣಗಿಸಿ ನೋಡಿದ್ದೇವೆ, ಒದ್ದೆಯಾಗಿಟ್ಟು ನೋಡಿಲ್ಲ. ಯಾವ ಸಾಲಿನಲ್ಲಿ ಎಷ್ಟು, ಎಷ್ಟನೇ ದಿನ ಹುಟ್ಟಿದವು ಎಂದು ಬರೆದಿಟ್ಟು ಪತ್ರಿಕೆಯ ಸಂಪಾದಕ ಮಂಡಳಿಗೆ ಕೊಡಿ. ವಿಜ್ಞಾನ, ಕಲೆ, ವಾಣಿಜ್ಯ ಯಾವ ವಿಭಾಗದವರಾದರೂ ಸರಿ. ಎಲ್ಲರ ಅಂಕಿಗಳನ್ನೂ ಸೇರಿಸಿ ಪಟ್ಟಿ ಮಾಡುವ ಕೆಲಸ ನನ್ನದು.